ಪುಟದ ಕೆಳಗಿನ ಹೆಸರು

ಮಲ್ಲೇಶ್ವರಂ
೧೧ ಫೆಬ್ರವರಿ ೨೦೦೬

ಮಾನ್ಯ ಶ್ರೀ ರಾಮಾಂಜಿನಪ್ಪನವರಿಗೆ,

ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿಮಗೆ ತಿಳಿದಿರುತ್ತದೆ. ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ನಿಮಗೆ ಕಾಪಿ ತೋರಿಸಿದ ಕೈ ಇದು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರದ ಸೆನ್ಸಾರ್ ಆಗಿ ನಿಮ್ಮ ವಾರಪತ್ರಿಕೆಯ ಪ್ರೂಫಿನ ಮೇಲೆ ಕೆಂಪು ಪೆನ್ಸಿಲ್ ಎಳೆದ ಕೈಯೂ ಇದೇ. ಮೂವತ್ತು ವರ್ಷದ ಮೇಲೆ ಮತ್ತೆ ನಿಮ್ಮ ವಿಳಾಸ ಬರೆಯುತ್ತಿದ್ದೇನೆ.

ಮೊಮ್ಮಗಳು ಅಕ್ಷಯಾ ಮೊನ್ನೆ ಕಂಪ್ಯೂಟರಿನಲ್ಲಿ ಒಂದು ಪುಟ ತೋರಿಸಿದಳು. ನೋಡಿದರೆ 'ಪೇಟೆ ಪತ್ರ'. ನಿಮ್ಮ ಪತ್ರಿಕೆ ನಿಂತು ಎಂಟು ವರ್ಷವಾಯಿತು ಅಂದುಕೊಂಡಿದ್ದೆ. ಅದು ಇಂಟರ್ನೆಟ್ಟಿನಲ್ಲಿ ಕೂತಿದೆ. ಒಳಚರಂಡಿಯ ದೂರು, ಬಸ್ಸು ನಿಲ್ಲದ ಸ್ಟಾಪು, ಎಲ್ಲ ಮೊದಲಿನ ಹಾಗೆಯೇ. ಪುಟದ ಕೆಳಗೆ ನೋಡಿ ನನಗೆ ನಗು ಬಂತು. 'ಮುದ್ರಿಸಿ ಪ್ರಕಟಿಸಿದವರು: ಕೆ. ರಾಮಾಂಜಿನಪ್ಪ, ನಂ. ೪೧, ಮೂರನೇ ಮುಖ್ಯರಸ್ತೆ, ಚಾಮರಾಜಪೇಟೆ.' ಕಂಪ್ಯೂಟರಿನಲ್ಲಿ ಮುದ್ರಿಸುವುದೇನು ಬಂತು? ಇಂಟರ್ನೆಟ್ಟಿನಲ್ಲಿ ಯಾರೂ ಮನೆ ನಂಬರು ಹಾಕುವುದಿಲ್ಲವೆಂದು ಅಕ್ಷಯಾ ಬಿದ್ದು ಬಿದ್ದು ನಕ್ಕಳು.

ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯ ಹಿಂದಿನ ತಿಮ್ಮಕ್ಕನ ಬಯಲಿಗೆ ತಗಡಿನ ಬೇಲಿ ಹಾಕಿದ್ದಾರೆ, ನಾಲ್ಕು ಮಹಡಿಯ ಅಂಗಡಿ ಕಟ್ಟಡ ಬರುತ್ತದೆ ಎಂದು ಬರೆದು 'ಇದು ನ್ಯಾಯವೇ?' ಎಂದು ಕೇಳಿದ್ದೀರಿ. ಅಲ್ಲ ಎಂಬುದಕ್ಕೆ ಕಾಗದ ನನ್ನ ಹತ್ತಿರ ಇದೆ. ೧೯೮೪ರಲ್ಲಿ ನಾನು ಕಂದಾಯ ಕಚೇರಿಯಲ್ಲಿದ್ದಾಗ ಆ ಫೈಲು ನನ್ನ ಮೇಜಿಗೆ ಬಂದಿತ್ತು. ತಿಮ್ಮಕ್ಕ ಎಂಬ ವಿಧವೆ ಆ ಜಾಗವನ್ನು ಸಾರ್ವಜನಿಕರಿಗೆ ಬರೆದುಕೊಟ್ಟಾಗ ಒಂದು ಷರತ್ತು ಹಾಕಿದ್ದಳು: 'ಮಕ್ಕಳು ಆಡತಕ್ಕದ್ದು, ಹೆಂಗಸರು ಹಪ್ಪಳ ಸಂಡಿಗೆ ಒಣಹಾಕತಕ್ಕದ್ದು, ಬೇರೇನೂ ಕೂಡದು.' ಆ ಸಾಲು ಚೆನ್ನಾಗಿದೆ ಎನ್ನಿಸಿ ದಾನಪತ್ರದ ನಕಲನ್ನು ಇಟ್ಟುಕೊಂಡಿದ್ದೆ. ಈಗಿನ ಫೈಲಿನಲ್ಲಿ ಆ ಪತ್ರವೇ ಇಲ್ಲವಂತೆ. ಕಟ್ಟಡ ಯಾವ ದೊಡ್ಡ ಅಧಿಕಾರಿಯ ಭಾವಮೈದುನನಿಗೆ ಹೋಗಿದೆ ಎಂಬುದೂ ನನಗೆ ಗೊತ್ತು. ನಾಲ್ಕು ಪುಟ ಬರೆದು ಇದರ ಜೊತೆ ಇಟ್ಟಿದ್ದೇನೆ.

ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು. ಕಚೇರಿಯ ಕಾಗದ ಹೊರಗೆ ಹಾಕಿದವನ ಪಿಂಚಣಿ ನಿಲ್ಲಿಸುವ ನಿಯಮ ನನಗೆ ಬಾಯಿಪಾಠ. ಇಬ್ಬರ ಮೇಲೆ ನಾನೇ ಅದನ್ನು ಪ್ರಯೋಗಿಸಿದ್ದೇನೆ. ಇ-ಮೇಲ್ ಬೇಡವೆಂದು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಕಾಗದವಾದರೆ ಓದಿ ಒಲೆಗೆ ಹಾಕಬಹುದು.

ತಮ್ಮ ವಿಶ್ವಾಸಿ,
ವೆಂಕಟಾಚಲ


ಚಾಮರಾಜಪೇಟೆ
೧೬ ಫೆಬ್ರವರಿ ೨೦೦೬

ಅಯ್ಯಾ ವೆಂಕಟಾಚಲ,

'ನೀವು' ಅಂತ ಬರೆದಿದ್ದೀಯಲ್ಲ, ಹಿಂದೆ ಯಾರಾದರೂ ದೊಡ್ಡ ಮನುಷ್ಯರು ನಿಂತಿದ್ದಾರೇನೋ ಅಂತ ತಿರುಗಿ ನೋಡಿದೆ. ಕಾಪಿ ತೋರಿಸಿದ್ದು ನಿಜ. ಆ ಲೆಕ್ಕ ತಪ್ಪಿತ್ತು, ಇಬ್ಬರೂ ಫೇಲಾದೆವು, ಅದನ್ನೂ ಬರೆಯಬೇಕಿತ್ತು.

ನಿನ್ನ ನಾಲ್ಕು ಪುಟ ಓದಿದೆ. ಎರಡು ಸಲ ಓದಿದೆ. ಇಷ್ಟು ಚೆನ್ನಾಗಿ ಬರೆಯುವವನು ನಲವತ್ತು ವರ್ಷ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತ ಬರೆದುಕೊಂಡು ಕೂತಿದ್ದೆಯಲ್ಲ ಅಂತ ಹೊಟ್ಟೆ ಉರಿಯಿತು. ಹಾಕುತ್ತೇನೆ. ಹೆಸರು ಬೇಡ ಅಂದರೆ ಬೇಡ.

ಕೆಳಗಿನ ಸಾಲಿನ ವಿಚಾರ. ಬ್ರಿಟಿಷರ ಕಾಲದ ಕಾಯಿದೆ ಅದು: ಮುದ್ರಕನ ಹೆಸರು, ಊರು ಇಲ್ಲದೆ ಒಂದು ಕಾಗದವೂ ಪ್ರೆಸ್ಸಿನ ಬಾಗಿಲು ದಾಟಬಾರದು. ನಮ್ಮನ್ನು ಹಿಡಿಯುವುದಕ್ಕೆ ಸುಲಭವಾಗಲಿ ಅಂತ ಮಾಡಿದ್ದು. ನನಗೆ ಅದೇ ಅಭ್ಯಾಸವಾಯಿತು. ಮದುವೆ ಪತ್ರಿಕೆಗೂ ಹಾಕಿದ್ದೇನೆ, ವೈಕುಂಠ ಸಮಾರಾಧನೆಯ ಕಾರ್ಡಿಗೂ ಹಾಕಿದ್ದೇನೆ. ಸೈಟು ಮಾಡಿಕೊಟ್ಟವಳು ಮಗಳು ನಂದಿತಾ. ಇಲ್ಲಿ ಅದೆಲ್ಲ ಬೇಡಪ್ಪ ಅಂದಳು. ಆ ಸಾಲು ಇಲ್ಲದ ಪುಟ ನನ್ನ ಕಣ್ಣಿಗೆ ಹೆತ್ತವರಿಲ್ಲದ ಕೂಸಿನ ಹಾಗೆ ಕಾಣುತ್ತದೆ, ಹಾಕಿಸಿದೆ.

೭೬ರ ವಿಚಾರ ನೀನೇ ತೆಗೆದೆ, ಅದಕ್ಕೆ ಬರೆಯುತ್ತೇನೆ. ಶ್ರೀರಾಂಪುರದ ಹತ್ತಿರ ಗುಡಿಸಲು ಕೆಡವಿದ ಸುದ್ದಿಯನ್ನು ನೀನು ಪೂರ್ತಿ ಹೊಡೆದು ಹಾಕಿದೆ. ನಾನು ಜಾಗ ಖಾಲಿ ಬಿಡುತ್ತೇನೆ ಅಂದರೆ, ಖಾಲಿ ಬಿಟ್ಟರೆ ಜನಕ್ಕೆ ತಿಳಿಯುತ್ತದೆ, ಕೂಡದು ಅಂದೆ. ನಿನ್ನ ಹೆಂಡತಿ ಆಂಡಾಳಮ್ಮನ ಕೈಲಿ ಬರೆಸಿಕೊಂಡು ಬಂದು ನೀನೇ ಗೊಜ್ಜವಲಕ್ಕಿ ಮಾಡುವ ವಿಧಾನ ಕೊಟ್ಟೆ. ಒಂದು ಕಾಲಂ ಪೂರ್ತಿ ಗೊಜ್ಜವಲಕ್ಕಿ. ಇವತ್ತಿಗೂ ಪೇಟೆಯಲ್ಲಿ ಯಾರಾದರೂ ಮಾತು ಮುಚ್ಚಿಟ್ಟರೆ ಹಳಬರು 'ಗೊಜ್ಜವಲಕ್ಕಿ ಮಾಡಬೇಡ' ಅನ್ನುತ್ತಾರೆ. ಮರುವಾರ ಅದೇ ಸುದ್ದಿಯನ್ನು ನಾನು ಕರಪತ್ರ ಮಾಡಿ ಹಂಚಿದೆ. ಕೆಳಗೆ ನನ್ನ ಹೆಸರು, ಮನೆ ನಂಬರು ಇತ್ತು. ನಾಲ್ಕು ತಿಂಗಳು ಜೈಲಿನಲ್ಲಿದ್ದೆ. ಆ ನಾಲ್ಕು ತಿಂಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಬರೆಯುವುದಿಲ್ಲ.

ರಾಮಾಂಜಿನಪ್ಪ


ಮಲ್ಲೇಶ್ವರಂ
೨೦ ಮಾರ್ಚ್ ೨೦೦೬

ಪ್ರಿಯ ರಾಮಾಂಜಿನಪ್ಪ,

'ನೀನು' ಎಂದು ಬರೆಯುವುದಕ್ಕೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೂ ಕೈ ಬಂತು.

ಲೇಖನ ಬಂದು ಮೂರು ವಾರವಾಯಿತು. ನಿನ್ನೆ ನೆಪ ಮಾಡಿಕೊಂಡು ಆ ಕಡೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ, ಬಯಲಿನ ಹತ್ತಿರ ನಿಂತಿದ್ದೆ. ದಾನಪತ್ರದ ಆ ಷರತ್ತನ್ನು ಯಾರೋ ದೊಡ್ಡ ಅಕ್ಷರದಲ್ಲಿ ಬರೆದು ತಗಡಿಗೆ ಅಂಟಿಸಿದ್ದಾರೆ. ಅದರ ಎದುರಿಗೆ ರಸ್ತೆಯಲ್ಲೇ ಚಾಪೆ ಹಾಸಿಕೊಂಡು ನಾಲ್ಕು ಜನ ಹೆಂಗಸರು ಹಪ್ಪಳ ಒಣಹಾಕಿದ್ದರು. ಆಟೋದವನು ಹಾರ್ನ್ ಮಾಡಿದರೆ ಒಬ್ಬಾಕೆ ಎದ್ದು, "ತಿಮ್ಮಕ್ಕ ಬರ್ಕೊಟ್ಟಿದಾಳೆ, ಸುತ್ತಾಕ್ಕೊಂಡ್ ಹೋಗಪ್ಪ" ಅಂದಳು. ನಾನು ಬರೆದದ್ದು ಒಬ್ಬರ ಬಾಯಲ್ಲಿ ಕೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಬರೆದವನು ನಾನೇ ಎಂದು ಹೇಳಿಕೊಳ್ಳಲಾಗಲಿಲ್ಲ. ಮನೆಗೆ ಬಂದು ಆಂಡಾಳ್‌ಗೆ ಹೇಳಿದೆ. "ನಿಮ್ಮ ಹೆಸರಿಗೇನು ರೋಗ ಬಂದಿದೆ?" ಎಂದು ಕೇಳಿ ಒಳಗೆ ಹೋದಳು.

ಲೇಖನದ ಕೆಳಗೆ ಜನ ಬರೆದ ಅಭಿಪ್ರಾಯಗಳನ್ನೂ ಓದಿದೆ. ಎಪ್ಪತ್ತಕ್ಕೂ ಹೆಚ್ಚಿವೆ. ಒಂದೊಂದನ್ನೂ ನೀನೇ ಓದಿ ತಿದ್ದಿ ಹಾಕುತ್ತೀಯೆಂದು ಅಕ್ಷಯಾ ಕಂಡುಹಿಡಿದಳು. ಬೈಗುಳ ಇದ್ದ ಕಡೆ 'ಈ ಮಾತನ್ನು ಮಹನೀಯರು ಮನೆಯಲ್ಲಿ ಆಡಿಕೊಳ್ಳಲಿ' ಎಂದು ಸೇರಿಸಿದ್ದೀಯಂತೆ. ಇಂಥ ಕೆಲಸವನ್ನು ಸಂಬಳ ಕೊಟ್ಟರೂ ಯಾರೂ ಮಾಡುವುದಿಲ್ಲ. ನನಗೆ ಹೆಮ್ಮೆಯಾಯಿತು, ಜೊತೆಗೆ ಭಯವೂ ಆಯಿತು. ಆ ಭಾವಮೈದುನ ಸುಮ್ಮನಿರುವ ಕುಳವಲ್ಲ. ದಯವಿಟ್ಟು ಕೆಳಗಿನ ಸಾಲು ತೆಗೆದುಬಿಡು. ಬೆಂಗಳೂರಿನಲ್ಲಿ ಸಾವಿರ ಜನ ಹೆಸರಿಲ್ಲದೆ ಬರೆಯುತ್ತಿದ್ದಾರೆ, ಯಾರನ್ನೂ ಯಾರೂ ಹಿಡಿದಿಲ್ಲ.

ವೆಂಕಟಾಚಲ


ಚಾಮರಾಜಪೇಟೆ
೨೯ ಏಪ್ರಿಲ್ ೨೦೦೬

ವೆಂಕಟಾಚಲ,

ನಿನ್ನ ಬಾಯಿಗೆ ಸಕ್ಕರೆ ಹಾಕುವುದೋ ಮಣ್ಣು ಹಾಕುವುದೋ ತಿಳಿಯಲಿಲ್ಲ. ನೋಟಿಸು ಬಂತು.

ದೂರು ಕೊಟ್ಟವರು ನೀನು ಹೇಳಿದ ಭಾವಮೈದುನನೇ. ಮಾನ ಹೋಯಿತಂತೆ. ಜೊತೆಗೆ ಇಂಟರ್ನೆಟ್ಟಿನ ಕಾಯಿದೆ ಬೇರೆ ಸೇರಿಸಿದ್ದಾರೆ, ಸಾರ್ವಜನಿಕ ಶಾಂತಿ ಕದಡಿದೆ ಅಂತ. ಹಪ್ಪಳ ಒಣಗಿಸಿದರೆ ಶಾಂತಿ ಕದಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ಸ್ಟೇಷನ್ನಿಗೆ ಕರೆದರು, ಸಂಜೆ ಐದರ ತನಕ ಬೆಂಚಿನ ಮೇಲೆ ಕೂರಿಸಿದರು. ಸಬ್ ಇನ್ಸ್‌ಪೆಕ್ಟರ್ ಒಳ್ಳೆಯ ಹುಡುಗನೇ, ಮೇಲಿನಿಂದ ಯಾರೋ ಅವನ ಕಿವಿ ಹಿಂಡುತ್ತಿದ್ದಾರೆ.

"ಯಜಮಾನ್ರೇ, ಇಂಟರ್ನೆಟ್ ಕೇಸಂದ್ರೆ ಯಾರು ಅಂತ ಹುಡುಕೋಕೇ ನಮಗೆ ತಿಂಗಳಾಗುತ್ತೆ. ನೀವ್ ನೋಡಿದ್ರೆ ಮನೆ ನಂಬರ್ ಸಮೇತ ಹಾಕ್ಕೊಂಡಿದೀರ" ಅಂದ.

"ನಿಮಗ್ಯಾಕೆ ತೊಂದ್ರೆ ಅಂತ ಸಾರ್" ಅಂದೆ.

ಅವನು ನಕ್ಕ. ಆಮೇಲೆ ಬರೆದವರ ಹೆಸರು ಕೇಳಿದ. ಪುಟದ ಕೆಳಗೆ ಇರುವ ಹೆಸರು ಸಾಕು ಅಂದೆ. ಅವರ ಹೆಸರು ಕೊಟ್ಟು, ಲೇಖನ ತೆಗೆದರೆ ಮನೆಗೆ ಹೋಗಬಹುದು ಅಂದ. ಬೆಂಚೇ ಚೆನ್ನಾಗಿದೆ ಅಂದೆ.

ನಮ್ಮ ಬೀದಿಯ ವಕೀಲರು ಶ್ರೀನಿವಾಸಯ್ಯನವರು ಕಾಯಿದೆ ಓದಿ ಹೇಳಿದರು. ಬೇರೆಯವರು ಬರೆದದ್ದು ನಮಗೆ ಗೊತ್ತೇ ಆಗದೆ ನಮ್ಮ ಸೈಟಿನಲ್ಲಿ ಬಂದರೆ ನಮ್ಮ ತಪ್ಪಿಲ್ಲವಂತೆ. ಗೊತ್ತಿದ್ದೂ ಹಾಕಿದರೆ ತಪ್ಪಂತೆ. "ಓದ್ಲಿಲ್ಲ ಅಂತ ಒಂದ್ ಮಾತು ಬರ್ಕೊಡಿ, ಬಿಡಿಸ್ಕೊಂಡ್ ಬರ್ತೀನಿ" ಅಂದರು. ನಾನು ಎಪ್ಪತ್ತು ಅಭಿಪ್ರಾಯಗಳನ್ನೂ ಓದಿ ತಿದ್ದಿದ್ದೇನೆ ಅಂದಿದ್ದಕ್ಕೆ ತಲೆ ಮೇಲೆ ಕೈ ಹೊತ್ತು ಕೂತರು. ನೋಡಿದೆಯಾ, ಕಣ್ಣು ಮುಚ್ಚಿಕೊಂಡು ಹಾಕಿದವನು ಸಾಚಾ, ಓದಿ ಹಾಕಿದವನು ಕಳ್ಳ. ಓದದೆ ಅಚ್ಚು ಹಾಕುವವನು ಪ್ರಿಂಟರ್ ಹೇಗಾಗುತ್ತಾನೆ ಸ್ವಾಮಿ ಅಂತ ಕೇಳಿದೆ. ಅದಕ್ಕೆ ಉತ್ತರ ಕಾಯಿದೆಯಲ್ಲಿ ಇಲ್ಲವಂತೆ.

ರಾಮಾಂಜಿನಪ್ಪ


ಮಲ್ಲೇಶ್ವರಂ
೪ ಮೇ ೨೦೦೬

ಪ್ರಿಯ ರಾಮಾಂಜಿನಪ್ಪ,

ವಕೀಲರು ಹೇಳಿದ ಹಾಗೆ ಬರೆದುಕೊಡು. 'ಓದಲಿಲ್ಲ' ಎಂಬ ಒಂದು ಮಾತಿನಿಂದ ಯಾರ ಮನೆಯೂ ಮುಳುಗುವುದಿಲ್ಲ. ನಾನು ಸರ್ವೀಸಿನಲ್ಲಿ ಓದಿಯೂ ಓದಲಿಲ್ಲ ಎಂದು ಸಹಿ ಹಾಕಿದ ಕಾಗದಗಳನ್ನು ಪೇರಿಸಿದರೆ ನಿನ್ನ ಪ್ರೆಸ್ಸಿನ ಸೂರು ಮುಟ್ಟುತ್ತದೆ. ಲೇಖನವನ್ನೂ ತೆಗೆದುಬಿಡು. ಹೇಳಬೇಕಾದದ್ದು ಜನಕ್ಕೆ ತಲುಪಿಯಾಗಿದೆ.

ನನ್ನ ವಿಷಯ ನಿನಗೆ ಗೊತ್ತು. ಆಂಡಾಳ್‌ಗೆ ಮಂಡಿ ಆಪರೇಷನ್ ಆಗಬೇಕು, ಇರುವುದು ಆ ಪಿಂಚಣಿ ಒಂದೇ. ನನ್ನ ಮೊದಲ ಕಾಗದವನ್ನು ನೀನು ಸುಟ್ಟಿರಬಹುದು ಎಂದುಕೊಂಡಿದ್ದೇನೆ.

ವೆಂಕಟಾಚಲ


ಚಾಮರಾಜಪೇಟೆ
೧೨ ಮೇ ೨೦೦೬

ವೆಂಕಟಾಚಲ,

ಸುಟ್ಟೆ. ಒಲೆ ಎಲ್ಲಿದೆ ಈಗ, ಗ್ಯಾಸು. ತಟ್ಟೆಯಲ್ಲಿಟ್ಟು ಕಡ್ಡಿ ಗೀರಬೇಕಾಯಿತು. ನಂದಿತಾಗೂ ಹೇಳಿಲ್ಲ.

ಲೇಖನ ತೆಗೆಯುವುದಿಲ್ಲ. ಹೆಸರು ಕೊಡು ಅಂತ ನಾನು ನಿನ್ನನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಆಂಡಾಳಮ್ಮನ ಮಂಡಿ ನೋಡಿಕೋ.

ರಾಮಾಂಜಿನಪ್ಪ


ಚಾಮರಾಜಪೇಟೆ
೨೨ ಜುಲೈ ೨೦೦೬

ವೆಂಕಟಾಚಲ ಅವರಿಗೆ ನಮಸ್ಕಾರಗಳು.

ನಾನು ರಾಮಾಂಜಿನಪ್ಪನವರ ಮಗಳು ನಂದಿತಾ. ಅಪ್ಪನ ಮೇಜಿನ ಮೇಲಿದ್ದ ಲಕೋಟೆಯ ಹಿಂದೆ ನಿಮ್ಮ ವಿಳಾಸ ಸಿಕ್ಕಿತು. ನೀವಿಬ್ಬರೂ ಮತ್ತೆ ಬರೆದುಕೊಳ್ಳುತ್ತಿದ್ದೀರಿ ಎಂದು ಗೊತ್ತಿರಲಿಲ್ಲ. ನಾನು ಬರೆದಿದ್ದು ಅಪ್ಪನಿಗೆ ಗೊತ್ತಿಲ್ಲ.

ಹೋದ ವಾರ ದೆಹಲಿಯಿಂದ ಯಾವುದೋ ಇಪ್ಪತ್ತು ಪುಟಗಳನ್ನು ತಡೆಯಿರಿ ಎಂದು ಆದೇಶ ಬಂದದ್ದಕ್ಕೆ ಇಂಟರ್ನೆಟ್ ಕಂಪನಿಗಳು ಬ್ಲಾಗುಗಳನ್ನೆಲ್ಲ ಒಟ್ಟಿಗೆ ಮುಚ್ಚಿದ್ದವು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ನಮ್ಮ ಸೈಟೂ ಐದು ದಿನ ಕಾಣಲಿಲ್ಲ. ಅದು ಎಲ್ಲರ ಕಷ್ಟ, ಸರಿಹೋಯಿತು. ಸರಿಹೋದ ಮರುದಿನವೇ ಪೊಲೀಸರು ಬಂದು ಕಂಪ್ಯೂಟರ್ ತೆಗೆದುಕೊಂಡು ಹೋದರು, ಪಾಸ್‌ವರ್ಡ್ ಬರೆಸಿಕೊಂಡರು. ಈಗ ತಿಮ್ಮಕ್ಕನ ಬಯಲಿನ ಪುಟ ತೆರೆದರೆ ಬಿಳಿ ಹಾಳೆ ಮಾತ್ರ ಬರುತ್ತದೆ.

ಅಪ್ಪನನ್ನು ವಾರಕ್ಕೆ ಮೂರು ದಿನ ಸ್ಟೇಷನ್ನಿಗೆ ಕರೆಯುತ್ತಾರೆ. ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ಕಾಲು ಊದಿಕೊಂಡಿದೆ. ಮುಂದಿನ ತಿಂಗಳು ಇಪ್ಪತ್ತರೊಳಗೆ ಬರೆದವರ ಹೆಸರು ಕೊಡದಿದ್ದರೆ ಬಂಧಿಸುತ್ತಾರಂತೆ. ಶ್ರೀನಿವಾಸಯ್ಯನವರು ಎಷ್ಟು ಹೇಳಿದರೂ ಕೇಳುವುದಿಲ್ಲ. ನಾನು ಅತ್ತುಬಿಟ್ಟೆ. "ನಿಮ್ಮಮ್ಮ ಇದ್ದಿದ್ರೆ ಅಳ್ತಿರ್ಲಿಲ್ಲ ಕಣಮ್ಮ, ಬುತ್ತಿ ಕಟ್ಕೊಡ್ತಿದ್ಲು" ಅಂದರು. ಮರುದಿನದಿಂದ ಬುತ್ತಿ ಕಟ್ಟುತ್ತಿದ್ದೇನೆ.

ಯಾರೋ ಹೇಡಿ ಇದನ್ನು ಬರೆದುಕೊಟ್ಟು, ಮನೆಯಲ್ಲಿ ಕಾಫಿ ಕುಡಿದುಕೊಂಡು ಪೇಪರ್ ಓದುತ್ತಾ ಕೂತಿದ್ದಾನೆ. ಅವನ ಮೇಲೆ ನನಗೆ ಬರುತ್ತಿರುವ ಕೋಪ ಪೊಲೀಸರ ಮೇಲೂ ಇಲ್ಲ. ಅಪ್ಪ ನಿಮ್ಮ ಬಗ್ಗೆ ಹಿಂದೆ ಹೇಳಿದ್ದು ಒಂದೇ ಸಲ. 'ಅವನು ಬರೆಯುವವನಲ್ಲ, ಹೊಡೆದು ಹಾಕುವವನು' ಎಂದಿದ್ದರು. ನೋಯಿಸುವುದಕ್ಕೆ ಹೇಳುತ್ತಿಲ್ಲ. ಏನನ್ನು ಹೊಡೆದು ಹಾಕಿದರೆ ಅಪ್ಪ ಉಳಿಯುತ್ತಾರೆ ಎಂಬುದು ನಿಮ್ಮಂಥವರಿಗೆ ತಿಳಿದಿರುತ್ತದೆ. ಆ ಮನುಷ್ಯನ ಹೆಸರು ಹೇಳುವಂತೆ ಅಪ್ಪನಿಗೆ ನೀವಾದರೂ ಬುದ್ಧಿ ಹೇಳಿ.

ನಂದಿತಾ


ಚಾಮರಾಜಪೇಟೆ
೧ ಆಗಸ್ಟ್ ೨೦೦೬

ವೆಂಕಟಾಚಲ,

ಕಂಪ್ಯೂಟರ್ ಹೋಯಿತು. ಒಂದು ವಾರ ಕೈ ಕಟ್ಟಿ ಹಾಕಿದ ಹಾಗಿತ್ತು. ಹಿಂದಿನ ಕೋಣೆಯಲ್ಲಿ ನಮ್ಮ ಹಳೆಯ ಟ್ರೆಡಲ್ ಇದೆ, ಕಾಲಲ್ಲಿ ತುಳಿಯುವ ಮೆಷಿನ್ನು. ಪ್ರೆಸ್ ಮುಚ್ಚಿದಾಗ ಗುಜರಿಯವನು ಕೇಳಿದ್ದ. ಹೊರಗೆ ತೆಗೆಯಬೇಕಾದರೆ ಗೋಡೆ ಒಡೆಯಬೇಕು ಅಂತ ಅವನೇ ಬಿಟ್ಟು ಹೋದ. ಅಚ್ಚಿನ ಮೊಳೆ ಜೋಡಿಸಿ ಎಂಟು ವರ್ಷವಾಗಿತ್ತು. ಮೊದಲ ದಿನ ಹದಿನಾಲ್ಕು ಸಾಲು ಆಯಿತು. ಎರಡನೆಯ ದಿನ ಮೊಳೆ ಪೆಟ್ಟಿಗೆಯಲ್ಲಿ ಯಾವ ಅಕ್ಷರದ ಮನೆ ಎಲ್ಲಿ ಅನ್ನುವುದೆಲ್ಲ ಬೆರಳಿಗೆ ನೆನಪಿಗೆ ಬಂತು, ಕಣ್ಣು ಬೇಕಾಗಲಿಲ್ಲ. ಸ್ಟೇಷನ್ನಿಗೆ ಹೋಗುವ ದಿನ ಬೆಳಗ್ಗೆ, ಹೋಗದ ದಿನ ಪೂರ್ತಿ. ಕಾಲು ತುಳಿಯುವುದಕ್ಕೆ ನಂದಿತಾ ಬರುತ್ತಾಳೆ. ಕಂಪ್ಯೂಟರ್ ಎಂಜಿನಿಯರ್ ಟ್ರೆಡಲ್ ತುಳಿಯುವುದನ್ನು ನೀನು ನೋಡಬೇಕು.

ಮೊದಲೇ ತೆಗೆದಿಟ್ಟಿದ್ದ ಪ್ರಿಂಟ್ ನೋಡಿಕೊಂಡು ಜೋಡಿಸಿದೆ, ದಾನಪತ್ರದ ಲೇಖನ ಪೂರ್ತಿ ಒಂದು ಹಾಳೆಗೆ ಕೂತಿತು. ಐನೂರು ಪ್ರತಿ ಹಾಕಿ ಮನೆಮನೆಗೆ ಹಂಚುತ್ತೇನೆ. ಪ್ರೂಫ್ ಇದರ ಜೊತೆ ಇದೆ. ಮೊದಲೆಲ್ಲ ನಿನ್ನ ಕಚೇರಿಗೆ ಕಳಿಸುತ್ತಿದ್ದ ಹಾಗೆಯೇ ಕಳಿಸುತ್ತಿದ್ದೇನೆ. ತಿದ್ದುವುದಿದ್ದರೆ ತಿದ್ದಿ ಕಳಿಸು. ಇಲ್ಲದಿದ್ದರೆ ಹಾಗೆಯೇ ಕಳಿಸು.

ರಾಮಾಂಜಿನಪ್ಪ


ಮಲ್ಲೇಶ್ವರಂ
೯ ಆಗಸ್ಟ್ ೨೦೦೬

ರಾಮಾಂಜಿನಪ್ಪ,

ಪ್ರೂಫ್ ಬಂದು ಆರು ದಿನ ನನ್ನ ಮೇಜಿನ ಮೇಲಿತ್ತು. ಮೂರು ಸಲ ಓದಿದೆ. ಒಂದು ಅಕ್ಷರ ತಪ್ಪಿಲ್ಲ. ಅರವತ್ತಾರು ವರ್ಷದವನು, ಊದಿದ ಕಾಲಿನವನು, ಒಂದೊಂದೇ ಮೊಳೆ ಹೆಕ್ಕಿ ಜೋಡಿಸಿದ ಹಾಳೆ ಇದು ಎಂದು ಆಂಡಾಳ್‌ಗೆ ತೋರಿಸಿದೆ. ಅವಳು ಬೆರಳಲ್ಲಿ ಮುಟ್ಟಿ ನೋಡಿದಳು. ಮೊಳೆ ಒತ್ತಿದ ಗುರುತು ಹಾಳೆಯ ಹಿಂದೆ ತಾಗುತ್ತದೆ. ಕಂಪ್ಯೂಟರಿನಲ್ಲಿ ಓದಿದಾಗ ನನ್ನ ಮಾತು ಇಷ್ಟು ತೂಕದ್ದು ಅನ್ನಿಸಿರಲಿಲ್ಲ.

ನಾಲ್ಕನೆಯ ಸಲ ನೋಡಿದಾಗ ಕಂಡಿತು. ಲೇಖನ ಮುಗಿದ ಮೇಲೆ, ನಿನ್ನ ಹೆಸರಿನ ಸಾಲಿಗಿಂತ ಮೇಲೆ, ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದೀಯೆ. ಅರ್ಧ ಇಂಚು ಖಾಲಿ ಉಳಿದರೆ ಅಲ್ಲಿಗೊಂದು ಗಾದೆ ತಂದು ತುಂಬುತ್ತಿದ್ದ ಮನುಷ್ಯ ನೀನು. ನೀನು ಕೇಳಲಿಲ್ಲ. ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಉಳಿಸಿಕೊಂಡೆ. ಜಾಗ ಮಾತ್ರ ಬಿಟ್ಟೆ.

ಈಗ ನೀನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ೭೬ರಲ್ಲಿ ನಿನ್ನನ್ನು ಕರೆದುಕೊಂಡು ಹೋದ ಮರುದಿನ ನಿನ್ನ ಹೆಂಡತಿ ಚಿಕ್ಕಮುನಿಯಮ್ಮ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಮಗುವಿತ್ತು. ನಾನು ಮನೆಯಲ್ಲಿಲ್ಲ ಎಂದು ಆಂಡಾಳ್ ಕೈಲಿ ಹೇಳಿಸಿದೆ. ನಾನು ಅಡಿಗೆಮನೆಯಲ್ಲಿ ಬಾಗಿಲ ಹಿಂದೆ ನಿಂತಿದ್ದೆ. ಅವರು ಜಗಲಿಯ ಮೇಲೆ ಒಂದು ಗಂಟೆ ಕೂತಿದ್ದು, ನೀರು ಕೇಳಿ ಕುಡಿದು ಹೋದರು. ಆ ನೀರಿನ ಚೊಂಬಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನೀನು ಬಿಡುಗಡೆಯಾಗಿ ಬಂದ ಮೇಲೆ ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಒಂದು ವರ್ಷ ಮುಂದೂಡಿದೆ, ಹಾಗೆಯೇ ಮೂವತ್ತು ವರ್ಷ ಮುಂದೂಡಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಹೋದದ್ದು ಒಂದು ಸುಳ್ಳಿಗೆ. ಆಕೆ ಹೋಗಿಬಿಟ್ಟರು, ಅವರ ಹತ್ತಿರ ಕ್ಷಮೆ ಕೇಳುವುದು ಇನ್ನು ಆಗುವುದಿಲ್ಲ. ನಿನ್ನ ಹತ್ತಿರ ಕೇಳುತ್ತಿದ್ದೇನೆ.

ನಿನ್ನ ಮಗಳೂ ನನಗೆ ಒಂದು ಕಾಗದ ಬರೆದಿದ್ದಳು. ಬರೆದವನನ್ನು ಹೇಡಿ ಎಂದಿದ್ದಾಳೆ. ಬೈಯಬೇಡ ಅವಳನ್ನು. ನನ್ನ ಸರ್ವೀಸ್ ರಿಜಿಸ್ಟರಿನಲ್ಲಿ ಯಾರೂ ಇಷ್ಟು ಸರಿಯಾಗಿ ಷರಾ ಬರೆದಿರಲಿಲ್ಲ.

ನಿನ್ನೆ ಆಂಡಾಳ್‌ಗೆ ಎಲ್ಲ ಹೇಳಿದೆ. ಪಿಂಚಣಿ ನಿಲ್ಲಬಹುದು, ಮಂಡಿ ಆಪರೇಷನ್ ಮುಂದೆ ಹೋಗಬಹುದು ಎಂದೆ. ಅವಳು, "ಮಂಡಿ ನೋವು ಎಂಟು ವರ್ಷದ್ದು. ಅವತ್ತು ನಾನು ಬಾಗಿಲಲ್ಲಿ ನಿಂತು ಸುಳ್ಳು ಹೇಳಿದ್ನಲ್ಲ, ಅದು ಮೂವತ್ತು ವರ್ಷದ್ದು. ಮೊದಲು ಅದಕ್ಕೆ ಔಷಧಿ ಮಾಡಿ" ಅಂದಳು. ನನ್ನ ಬಿಳಿ ಶರ್ಟಿಗೆ ತಾನೇ ಇಸ್ತ್ರಿ ಹಾಕಿಕೊಟ್ಟಳು.

ಇವತ್ತು ಬೆಳಗ್ಗೆ ನಿಮ್ಮ ಸ್ಟೇಷನ್ನಿಗೆ ಹೋಗಿದ್ದೆ. ನೀನು ಬರುವ ದಿನವಲ್ಲ ಎಂದು ತಿಳಿದುಕೊಂಡೇ ಹೋದೆ; ನಿನ್ನನ್ನು ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ. ನೀನು ಹೇಳಿದ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆ. ಅದರ ಒಂದು ಕಾಲು ಕುಂಟು ಎಂದು ನೀನು ಬರೆದಿರಲಿಲ್ಲ. ತಿಮ್ಮಕ್ಕನ ಬಯಲಿನ ಲೇಖನ ನನ್ನದು, ದಾನಪತ್ರದ ನಕಲು ನನ್ನದು ಎಂದು ಹೇಳಿಕೆ ಬರೆದು, ನಕಲನ್ನೂ ಇಟ್ಟು, ಸಹಿ ಹಾಕಿದೆ. ಸಬ್ ಇನ್ಸ್‌ಪೆಕ್ಟರ್ ಎರಡು ಸಲ ಓದಿದ.

"ಇಷ್ಟ್ ದಿನ ಎಲ್ಲಿದ್ರಿ ಸಾರ್?" ಎಂದು ಕೇಳಿದ.

"ಅಡಿಗೆಮನೇಲಿದ್ದ್ನಪ್ಪ" ಅಂದೆ.

ಅವನಿಗೆ ಅರ್ಥವಾಗಲಿಲ್ಲ. ನಿನಗೆ ಆಗುತ್ತದೆ.

ಹೊರಗೆ ಬಂದಾಗ ಧೈರ್ಯ ಬಂತೆಂದು ಸುಳ್ಳು ಹೇಳುವುದಿಲ್ಲ. ಆದರೆ ರಸ್ತೆ ದಾಟುವಾಗ, ಎಷ್ಟೋ ವರ್ಷದ ಮೇಲೆ, ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡಬಹುದು ಅನ್ನಿಸಿತು. ನೀನು ಪ್ರತಿ ಹಾಳೆಯ ಕೆಳಗೂ ಯಾಕೆ ಹೆಸರು ಹಾಕುತ್ತೀಯೆ ಎಂಬುದು ಆಗ ತಿಳಿಯಿತು. ನಮ್ಮನ್ನು ಹಿಡಿಯಲೆಂದು ಸರ್ಕಾರ ಮಾಡಿದ ಸಾಲನ್ನು ನೀನು ಇಷ್ಟು ವರ್ಷ ನಿನ್ನ ಮರ್ಯಾದೆ ಮಾಡಿಕೊಂಡು ಹೊತ್ತೆ. ನಾನು ಅದನ್ನು ನೋಡಿ ನಕ್ಕಿದ್ದೆ.

ಪ್ರೂಫ್ ವಾಪಸ್ ಕಳಿಸುತ್ತಿದ್ದೇನೆ. ತಿದ್ದುಪಡಿ ಒಂದೇ. ಅವತ್ತು ನಿನಗೆ ಖಾಲಿ ಜಾಗ ಬಿಡಲು ಕೊಡದೆ ಅಡಿಗೆ ತಂದು ತುಂಬಿಸಿದವನು ನಾನು. ಈ ಖಾಲಿ ಜಾಗವನ್ನು ನಾನೇ ತುಂಬಿದ್ದೇನೆ. ಕೆಂಪು ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ. ಅಂಥ ಪೆನ್ಸಿಲ್ ಮನೆಯಲ್ಲಿ ಇನ್ನೂ ಒಂದು ಉಳಿದಿತ್ತು.

ವೆಂಕಟಾಚಲ


ಚಾಮರಾಜಪೇಟೆ
೧೬ ಆಗಸ್ಟ್ ೨೦೦೬

ವೆಂಕಟಾಚಲ,

ನಿನ್ನೆಗೆ ಐನೂರೂ ಹಂಚಿ ಮುಗಿಯಿತು. ಸಬ್ ಇನ್ಸ್‌ಪೆಕ್ಟರ್ ಒಂದು ಕೇಳಿ ಇಸಿದುಕೊಂಡ, ಫೈಲಿಗೋ ಮನೆಗೋ ಹೇಳಲಿಲ್ಲ. ನನ್ನನ್ನು ಹಿಡಿಯುವ ಮಾತು ಸದ್ಯಕ್ಕೆ ನಿಂತಿದೆ, ಕೇಸು ನಿಂತಿಲ್ಲ. ಈಗ ಇಬ್ಬರ ಹೆಸರಿನಲ್ಲೂ ಇದೆ. ಶ್ರೀನಿವಾಸಯ್ಯನವರು ದಾನಪತ್ರದ ನಕಲು ಹಿಡಿದುಕೊಂಡು ಕೋರ್ಟಿಗೆ ಹೋಗಿದ್ದಾರೆ. ಒಂದೇ ಬೆಂಚಿನಲ್ಲಿ ಕೂತು ಫೇಲಾದವರು, ಈ ಸಲ ಕೂತರೆ ಪಾಸಾಗುತ್ತೇವೇನೋ ನೋಡೋಣ.

ನಂದಿತಾ ನಿನ್ನ ಕಾಗದ ಓದಿದಳು. ಹೇಡಿ ಅಂತ ಬರೆದಿದ್ದಕ್ಕೆ ನಿನ್ನ ಮನೆಗೆ ಬಂದು ಕಾಲಿಗೆ ಬೀಳುತ್ತೇನೆ ಅನ್ನುತ್ತಿದ್ದಾಳೆ. ಅವಳ ಅಮ್ಮ ಆ ದಿನ ಮನೆಗೆ ಬಂದು ನನ್ನ ತಮ್ಮನ ಹತ್ತಿರ ಹೇಳಿದ್ದು ಏನು ಗೊತ್ತಾ? 'ಅವರು ಅಡಿಗೆಮನೇಲಿದ್ರು, ಕಾಲು ಕಾಣ್ತಿತ್ತು. ಪಾಪ, ಹೆದರ್ಕೊಂಡಿದ್ರು' ಅಂತ. ಆಕೆ ಅವತ್ತೇ ನಿನ್ನ ತಪ್ಪನ್ನು ಮನಸ್ಸಿನಿಂದ ಬಿಟ್ಟುಬಿಟ್ಟಳು. ಬಿಡದೆ ಹಿಡಿದುಕೊಂಡಿದ್ದವನು ನಾನು. ಇನ್ನು ನಾನೂ ಬಿಟ್ಟೆ.

ನಿನ್ನ ಹೆಸರಿನ ಸಾಲು ಸ್ವಲ್ಪ ಮಸುಕಾಗಿ ಬಿದ್ದಿದೆ, ಆ ಮೊಳೆಗಳು ಸವೆದಿವೆ. ಮುಂದಿನ ಸಂಚಿಕೆಗೆ ಸರಿ ಮಾಡುತ್ತೇನೆ. ಹಾಳೆಯ ಕೆಳಗೆ ಹೀಗೆ ಬಂದಿದೆ:

ಬರೆದವರು: ವೆಂಕಟಾಚಲ, ನಂ. ೧೭, ಹನ್ನೊಂದನೇ ಕ್ರಾಸ್, ಮಲ್ಲೇಶ್ವರಂ.
ಮುದ್ರಿಸಿ ಪ್ರಕಟಿಸಿದವರು: ಕೆ. ರಾಮಾಂಜಿನಪ್ಪ, ನಂ. ೪೧, ಮೂರನೇ ಮುಖ್ಯರಸ್ತೆ, ಚಾಮರಾಜಪೇಟೆ.

ಶನಿವಾರ ಮನೆಗೆ ಬಾ. ಆಂಡಾಳಮ್ಮನನ್ನು ಆಟೋದಲ್ಲಿ ನಿಧಾನವಾಗಿ ಕರೆದುಕೊಂಡು ಬಾ. ಬರುವಾಗ ಗೊಜ್ಜವಲಕ್ಕಿ ಮಾಡಿಕೊಂಡು ಬರಬೇಕಂತೆ ಅಂತ ಹೇಳು. ವಿಧಾನ ನನಗೆ ಬಾಯಿಪಾಠ ಬರುತ್ತದೆ, ಒಂದೊಂದು ಅಕ್ಷರವನ್ನೂ ನಾನೇ ಜೋಡಿಸಿದ್ದು. ತಿಂದು ಮಾತ್ರ ನೋಡಿಲ್ಲ.

ರಾಮಾಂಜಿನಪ್ಪ